ತಡವಳದ ಬಸಣ್ಣ ಗೋಧಿ ಬಿಟ್ಟದ್ದು

ತಡವಳದಲ್ಲಿ ಬಸಣ್ಣನ ಹಿಟ್ಟಿನ ಗಿರಣಿಗೆ ಇಪ್ಪತ್ತೆರಡು ವರ್ಷ. ಹೋಳಿಗೆಯ ಗೋಧಿ ಬೀಸಿಸಲು ಅಕ್ಕಲಕೋಟದ ಹೆಂಗಸರೂ ಬಸ್ಸು ಹತ್ತಿ ಬರುತ್ತಿದ್ದರು. ಇದನ್ನು ಆತ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಇಂಥವನ ಮಗಳು ಪ್ರಣಿತಾ ಒಂಬತ್ತು ತುಂಬಿದರೂ ಆರರ ಹುಡುಗಿಯಷ್ಟೇ ಇದ್ದಳು. ಹೊಟ್ಟೆ ಉಬ್ಬರ, ಭೇದಿ, ಕೈಕಾಲು ಕಡ್ಡಿ. ಕಸುವು ಬರಲೆಂದು ತಾಯಿ ನೀಲಾಬಾಯಿ ದಿನಾ ಗೋಧಿ ಹುಗ್ಗಿ ತಿನ್ನಿಸಿದಳು. ಹುಗ್ಗಿ ಹೆಚ್ಚಿದಷ್ಟೂ ಮಗಳು ಇಳಿದಳು. ಕೊನೆಗೆ ಸೋಲಾಪುರದ ಡಾಕ್ಟರು ಬಾಯಿಂದ ನಳಿಕೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷಿಸಿ, ಸೀಲಿಯಾಕ್ ಎಂದರು.

"ಕರುಳಿನ ಒಳಪದರದಾಗ ರೋಗದ ಜೋಡಿ ಬಡದಾಡೂ ಕಣ ಇರ್ತಾವ. ಈಕಿ ಕಣಾ ಗೋದಿನ್ನ ವೈರಿ ಅಂತ ತಿಳ್ಕೊಂಡಾವ. ಗೋದಿ ಬಂತಂದ್ರ ಎದ್ದು ಕರುಳಿನ್ನಽ ಕೆಡಸ್ತಾವ. ತಿಂದದ್ದು ಮೈಗೆ ಹತ್ತೂದಿಲ್ಲ."

"ಔಷಧ ಕೊಟ್ಟು ಅವನ್ನ ಹೊರಗ ಹಾಕ್ರಿ," ಎಂದ ಬಸಣ್ಣ.

"ಅವು ಹೋಗೂದಿಲ್ರಿ. ಗೋದಿ ಬಿಟ್ರ ಸುಮ್ಮ ಕುಂದರ್ತಾವ. ಆದ್ರ ಮರಿಯೂದಿಲ್ಲ."

ಮನೆಯವರೆಲ್ಲ ಗೋಧಿ ಬಿಟ್ಟರು. ಎಂಟು ತಿಂಗಳು ಬರೀ ಜೋಳದ ರೊಟ್ಟಿ. ಆದರೂ ರಕ್ತಪರೀಕ್ಷೆಯಲ್ಲಿ ರೋಗದ ಅಂಕಿ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಸಾರಿಕಾ ಮೇಡಂ, ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದರು. ನೀಲಾಬಾಯಿ ಮಗಳ ತಲೆ ಮುಟ್ಟಿ ಆಣೆ ಮಾಡಿದಳು. ಆಗ ಮೇಡಂ, ಅಲ್ಲಿಯವರೆಗೆ ಯಾರೂ ಕೇಳದ ಒಂದು ಮಾತು ಕೇಳಿದರು.

"ನೀವೇನ್ ಕೆಲಸಾ ಮಾಡ್ತೀರಿ?"

"ಗಿರಣಿ ಐತ್ರಿ," ಎಂದು ಬಸಣ್ಣ ಹೋಳಿಗೆ ಹಿಟ್ಟಿನ ವಿಚಾರ ಶುರು ಮಾಡಿದ. ಮೇಡಂ ಪೆನ್ನು ಕೆಳಗಿಟ್ಟರು.

"ಮನೀ ಜ್ವಾಳಾ ಎಲ್ಲಿ ಬೀಸ್ತೀರಿ?"

ಬಸಣ್ಣ ಎದ್ದು ಹೊರಗೆ ಬಂದ. ಗೋಧಿ ಬೀಸಿದ ಮೇಲೆ ಕಲ್ಲು ಸ್ವಚ್ಛವಾಗಲೆಂದು ನಾಲ್ಕು ಮುಷ್ಟಿ ಜೋಳ ಹಾಕಿ ತಿರುಗಿಸುವುದು ಅವನ ಗಿರಣಿಯ ರೂಢಿ. ಆ ಬೆರಕೆ ಹಿಟ್ಟು ಗಿರಾಕಿಗೆ ಬೇಡ, ಚೆಲ್ಲಲು ಮನಸ್ಸು ಬಾರದು. ಅದು ಹೋಗುತ್ತಿದ್ದುದು ಬಸಣ್ಣನ ಮನೆಗೆ. ದಿನಾ ತಾನೇ ಒಯ್ದು ಕೊಟ್ಟಿದ್ದ, ಆ ರೊಟ್ಟಿಯನ್ನು ತನ್ನ ಕೈಯಾರೆ ಮುರಿದು ಮಗಳಿಗೆ ಉಣಿಸಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಂದುಹೋಗುವವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ವಾರದೊಳಗೆ ಹೊಸ ಕಲ್ಲು ಕೂಡಿಸಿದ. ಗೋಡೆಗೆ ಸುಣ್ಣ ಬಳಿಸಿ, ಗೋಧಿ ಬೀಸುವುದಿಲ್ಲ ಎಂದು ಮರಾಠಿಯಲ್ಲಿ ಬೋರ್ಡು ಬರೆಸಿದ. ಬಸಣ್ಣನಿಗೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು. ನಾಲ್ಕು ತಿಂಗಳಿಗೆ ರಕ್ತದ ಅಂಕಿ ಅರ್ಧಕ್ಕಿಳಿಯಿತು. ಪ್ರಣಿತಾಳ ಅಂಗಿ ಬಿಗಿಯಾಗತೊಡಗಿತು.

ಹೋಳಿ ಹುಣ್ಣಿಮೆಯ ಹಿಂದಿನ ದಿನ ಅಕ್ಕಲಕೋಟದಿಂದ ಸಾವಿತ್ರಿಬಾಯಿ ಎಂಬ ಮುದುಕಿ ಗೋಧಿಯ ಚೀಲ ಹೊತ್ತು ಬಂದಳು. ಅವಳಿಗೆ ಬೋರ್ಡು ಓದಲು ಬಾರದು.

"ಇದೊಂದು ಸಲ ಬೀಸೋ ಯಪ್ಪಾ."

"ನಾ ಏನೋ ನಿನ್ನ ಮಾತ ಕೇಳ್ತಿದ್ದೆ ಯವ್ವಾ. ನನ್ನ ಮಗಳ ಹೊಟ್ಯಾಗಿನ ಕಣಾ ಕೇಳೂದಿಲ್ಲ."

ಮುದುಕಿಯನ್ನು ಬರಿಗೈಲಿ ಕಳಿಸಲಾಗಲಿಲ್ಲ. ಚೀಲವನ್ನು ತಾನೇ ತಲೆಯ ಮೇಲಿಟ್ಟುಕೊಂಡು ಊರಿನ ಇನ್ನೊಬ್ಬ ಗಿರಣಿಯವ ಕಲ್ಲಣ್ಣನಲ್ಲಿಗೆ ಹೋದ. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಲ್ಲಣ್ಣ ಚೀಲ ಇಳಿಸಿಕೊಂಡು ಬೀಸಿಕೊಟ್ಟ. ಹಿಟ್ಟು ತುಸು ತರಿತರಿಯಾಯಿತು ಎನ್ನಿಸಿದರೂ ಬಸಣ್ಣ ಹೇಳಲಿಲ್ಲ. ಮುದುಕಿಯನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಹಿಟ್ಟು ಕೂತು ಬೆಳ್ಳಗಾಗಿತ್ತು.

ಅಂಗಳದಲ್ಲೇ ನಿಂತು ಮೈಮೇಲೆ ಒಂದು ಕೊಡ ಸುರಿದುಕೊಂಡ. ಹೊಸ್ತಿಲಲ್ಲಿ ನಿಂತ ಪ್ರಣಿತಾ, "ಅಪ್ಪಾ, ತಲಿಮ್ಯಾಲ ಇನ್ನಾ ಐತಿ," ಎಂದಳು. ಎರಡನೇ ಕೊಡ. "ಇನ್ನಾ ಐತಿ." ಮೂರನೇ ಕೊಡವೂ ಆಯಿತು.

ನೀಲಾಬಾಯಿ ಟಾವೆಲ್ ತಂದವಳು ಗಂಡನ ತಲೆ ಬಗ್ಗಿಸಿ, ಬೆರಳಾಡಿಸಿ ನೋಡಿದಳು.

"ಹಿಟ್ಟಲ್ಲವ್ವಾ. ಅಪ್ಪನ ಕೂದಲಾ ಬೆಳ್ಳಗಾಗ್ಯಾವ."

ಇಪ್ಪತ್ತೆರಡು ವರ್ಷ ತಲೆಯಲ್ಲಿ ಹಿಟ್ಟಿಟ್ಟುಕೊಂಡೇ ತಿರುಗಿದ ಬಸಣ್ಣನಿಗೆ ಇದು ಹೊಸ ಸುದ್ದಿ. ಪ್ರಣಿತಾ ಹೊಸ್ತಿಲಿಳಿದು ಬಂದು, ಒದ್ದೆಯಾಗಿದ್ದ ಅಪ್ಪನ ಸೊಂಟ ತಬ್ಬಿಕೊಂಡಳು.