ಮೊದಲ ಊರನ್ನೇ ಓದಿದ ಸಾಲು

ವಿಶಾಖಪಟ್ಟಣದ ಮಧುರವಾಡದ ಆಫೀಸಿನಲ್ಲಿ ನಾನು ಒಂದು ಕಣ್ಣಾಸ್ಪತ್ರೆಯ ಆ್ಯಪಿಗೆ ಗೇಟ್‌ವೇ ಬರೆಯುತ್ತಿದ್ದೆ. ಫೋನಿನಿಂದ ಬರುವ ಪ್ರತಿ ಕೋರಿಕೆಯೂ ಮೊದಲು ಮುಟ್ಟುವ ಬಾಗಿಲು ಅದು. ಕೋರಿಕೆಯ ಜೊತೆ ಹೆಡರ್ ಎಂಬ ಚಿಕ್ಕ ವಿವರ ಇರುತ್ತದೆ. ಅದರಿಂದ ಊರಿನ ಹೆಸರು ತೆಗೆದು, ವಿಶಾಖಪಟ್ಟಣದ ರೋಗಿಯನ್ನು ಇಲ್ಲಿನ ಪಟ್ಟಿಗೆ, ವಿಜಯವಾಡದವರನ್ನು ಅಲ್ಲಿನ ಪಟ್ಟಿಗೆ ಕಳಿಸುವುದು ನನ್ನ ಕೆಲಸ.

ಆ್ಯಪ್ ಮಾಡಿದವರು ವಿಜಯವಾಡದಲ್ಲಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗುತ್ತಿಗೆಯ ನೌಕರಿ. ಬಳ್ಳಾರಿಯಿಂದ ವರ್ಗವಾಗಿ ಬಂದು ಅಲ್ಲೇ ಉಳಿದ ಬ್ಯಾಂಕ್ ಅಧಿಕಾರಿಯ ಮಗಳು. ತಾಯಿಯನ್ನು ಬಿಟ್ಟರೆ ಕನ್ನಡ ಮಾತಾಡಲು ನಾನೊಬ್ಬನೇ ಸಿಕ್ಕಿದ್ದೇನೆಂದು ನಗುತ್ತಿದ್ದರು. ಈ ಕೆಲಸದಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಅವರು ಫೋನಿನಲ್ಲಿ ಹೇಳಿಕೊಟ್ಟದ್ದು.

ಒಮ್ಮೆ ಅವರು, ಮಾತಿಗೆ ತೆಲುಗಿನ ‘ಅಂಡಿ’ ಸೇರಿಸುವ ತಮ್ಮ ರೂಢಿಯಲ್ಲೇ, ಎಚ್ಚರಿಸಿದರು: “ಹಳೇ ಫೋನಲ್ಲಿ ಒಂದೊಂದ್ಸಲ ಎರಡು ಊರು ಬರ್ತವೆ ಅಂಡಿ. ಮೊದಲು ಉಳಿಸಿಟ್ಟಿದ್ದು, ಆಮೇಲೆ ಈಗ ಆರಿಸಿದ್ದು. ಕೊನೇದನ್ನ ತಗೊಳ್ಳಿ.”

ಸರಿ ಮೇಡಂ ಎಂದೆ. ನನ್ನ ಕೋಡಿನ ಸಾಲು ಮೊದಲನೆಯದನ್ನು ಓದುತ್ತಿತ್ತು. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ನಡೆದಿದ್ದರಿಂದ ನಾಳೆ ತಿದ್ದೋಣವೆಂದು ಬಿಟ್ಟೆ. ಆಮೇಲೆ ಮರೆತೆ.

ಭೀಮುನಿಪಟ್ಟಣದ ವೃದ್ಧರೊಬ್ಬರು ಪೊರೆಯ ಆಪರೇಷನ್ನಿಗೆಂದು ಹೆಂಡತಿಯ ಕೈ ಹಿಡಿದು ಬಸ್ಸಿನಲ್ಲಿ ವಿಶಾಖಪಟ್ಟಣದ ಆಸ್ಪತ್ರೆಗೆ ಬಂದರು. ಅಲ್ಲಿ ಅವರ ಹೆಸರಿರಲಿಲ್ಲ. ಹಿಂದೊಮ್ಮೆ ಮಗಳ ಮನೆಯಲ್ಲಿದ್ದಾಗ ವಿಜಯವಾಡದಲ್ಲಿ ಕಣ್ಣು ತೋರಿಸಿದ್ದರಂತೆ. ಈ ಸಲವೂ ಹೆಸರು ಅಲ್ಲಿನ ಪಟ್ಟಿಯನ್ನೇ ಸೇರಿತ್ತು. ಇಲ್ಲಿ ಆಪರೇಷನ್ ಮಾಡುವ ಡಾಕ್ಟರು ತಿಂಗಳಿಗೊಮ್ಮೆ ಮಾತ್ರ ಬರುವವರು. ಇಬ್ಬರೂ ಹಾಗೇ ಮರಳಿದರು. ದೂರು ಬಂದಾಗ ಕೋರಿಕೆಗಳೆಲ್ಲ ದಾಖಲಾಗುವ ಲಾಗ್ ತೆಗೆದು ನೋಡಿದೆ. ಹೆಡರಿನಲ್ಲಿ ಎರಡೂ ಊರುಗಳಿದ್ದವು.

ಮೀಟಿಂಗಿನಲ್ಲಿ ಮ್ಯಾನೇಜರ್, ಆ್ಯಪ್ ಎರಡು ಊರು ಕಳಿಸಿದ್ದೇಕೆ ಎಂದು ಕೇಳಿದರು. ಆ ವಿಷಯ ಗೇಟ್‌ವೇಯವರಿಗೆ ಮೊದಲೇ ತಿಳಿಸಿದ್ದೆನೆಂದು ಮೇಡಂ ಫೋನಿನಲ್ಲಿ ಹೇಳಿದರು. ಮ್ಯಾನೇಜರ್ ನನ್ನತ್ತ ತಿರುಗಿದರು.

“ನೆನಪಿಲ್ಲ ಸರ್,” ಎಂದೆ.

ತಪ್ಪು ಆ್ಯಪಿನದೆಂದು ಮ್ಯಾನೇಜರ್ ಬರೆದುಕೊಂಡರು. ಸಂಜೆಯೇ ನನ್ನ ಸಾಲನ್ನು ತಿದ್ದಿ, ಬೇರೆ ಬದಲಾವಣೆಗಳ ನಡುವೆ ಸೇರಿಸಿಬಿಟ್ಟೆ. ತಿಂಗಳ ಕೊನೆಗೆ ಮೇಡಂ ಅವರ ಗುತ್ತಿಗೆ ಮುಂದುವರಿಯಲಿಲ್ಲ.

ಅವರಿಗೆ ಫೋನ್ ಮಾಡುವ ಧೈರ್ಯ ನನಗೆ ಬರಲಿಲ್ಲ. ಆರು ತಿಂಗಳ ನಂತರ ಮದುವೆಯೊಂದಕ್ಕೆ ವಿಜಯವಾಡಕ್ಕೆ ಹೋದಾಗ ಅವರ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ.

“ಬದಲಾವಣೆಗಳ ಪಟ್ಟಿ ನನಗೂ ಬರ್ತಿತ್ತು. ನೀವು ಆ ಸಾಲು ತಿದ್ದಿದ್ದನ್ನ ಅವತ್ತೇ ನೋಡಿದೆ,” ಎಂದರು. “ನೀವೇ ಹೇಳ್ತೀರಂತ ಒಂದು ವಾರ ಕಾದೆ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ತಾವು ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವುದಾಗಿ ತಿಳಿಸಿ, ಆ ವೃದ್ಧರ ಕಣ್ಣು ಏನಾಯಿತೆಂದು ಕೇಳಿದರು. ನಾನು ವಿಚಾರಿಸಿಯೇ ಇರಲಿಲ್ಲ.

ವಿಶಾಖಪಟ್ಟಣಕ್ಕೆ ಮರಳಿ ಮ್ಯಾನೇಜರಿಗೆ ನಿಜವನ್ನು ಬರೆದೆ. ಅದು ಮುಗಿದ ವಿಷಯ, ಬಿಡಿ ಎಂದು ಉತ್ತರ ಬಂತು. ಆಸ್ಪತ್ರೆಗೂ ಕೇಳಿದೆ: ಆ ವೃದ್ಧರಿಗೆ ಮರುತಿಂಗಳೇ ಆಪರೇಷನ್ ಆಗಿತ್ತು. ಅದನ್ನು ಮೇಡಂಗೆ ತಿಳಿಸಿದೆ. ಸಂದೇಶವನ್ನು ಓದಿದ್ದಾರೆ, ಉತ್ತರ ಬರೆದಿಲ್ಲ.