ಆದಿಲಕ್ಷ್ಮಮ್ಮ ಗಂಡನನ್ನು ಕರೆತಂದದ್ದು

೧೯೫೮ರ ಆಷಾಢದಲ್ಲಿ ಚಿನ್ನದ ಗಣಿ ಕೆಲಸಗಾರರ ಊರಿಗಾಂ ಲೈನಿನ ಆದಿಲಕ್ಷ್ಮಮ್ಮ ಇಬ್ಬರು ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು, ಒಣಮೀನು ತರುವ ಲಾರಿ ಹತ್ತಿ ಕಡಲಿನ ದಾರಿ ಹಿಡಿದಳು. ಹುಟ್ಟಿದಾಗಿನಿಂದ ಬಂಗಾರಪೇಟೆ ದಾಟಿದವಳಲ್ಲ.

ಅವಳ ಗಂಡ ಜಯರಾಮಪ್ಪ ಗಣಿ ಕೆಲಸದವನು. ನೆಲದಡಿ ಬಂಡೆ ಸಿಡಿದು ಎರಡು ದಿನ ಕತ್ತಲಲ್ಲಿ ಸಿಕ್ಕಿಕೊಂಡಿದ್ದ. ಜೊತೆಗಾರ ಸೀನಪ್ಪ ಪಕ್ಕದಲ್ಲೇ ನೀರು ನೀರು ಎನ್ನುತ್ತ ಸತ್ತಿದ್ದ. ಗಾಯವಿಲ್ಲದೆ ಮೇಲೆ ಬಂದ ಜಯರಾಮಪ್ಪ, ಮತ್ತೆ ಕೆಲಸಕ್ಕೆ ಇಳಿಯಬೇಕಾದ ದಿನ ಬೆಳಿಗ್ಗೆಯೇ ಕಾಣೆಯಾದ. ಎರಡು ತಿಂಗಳಾದ ಮೇಲೆ ಲಾರಿ ಡ್ರೈವರ್ ಆರುಮುಗಂ ಸುದ್ದಿ ತಂದ. ನೆಲ್ಲೂರಿನಾಚೆ, ರಸ್ತೆಯೇ ಮುಗಿದುಹೋಗುವ ಒಂದು ಮೀನುಗಾರರ ಹಳ್ಳಿಯಲ್ಲಿ ಅವನನ್ನು ಕಂಡಿದ್ದನಂತೆ. ಸೋಮವಾರದೊಳಗೆ ಜಯರಾಮಪ್ಪ ಕೆಲಸಕ್ಕೆ ಬಾರದಿದ್ದರೆ ಗಣಿಯವರು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕೆಂದು ಮೇಸ್ತ್ರಿ ಆಗಲೇ ಹೇಳಿ ಹೋಗಿದ್ದ.

ಪಲಮನೇರು, ಚಿತ್ತೂರು ದಾಟಿ ಎರಡು ದಿನದ ದಾರಿ. ಮರಳಿನಲ್ಲಿ ಲಾರಿ ನಿಂತ ಕಡೆಯಿಂದ ಅವಳು ನಡೆದೇ ಹೋದಳು. ಜಯರಾಮಪ್ಪ ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದ. ಅವಳನ್ನು ಕಂಡು ಎದ್ದ, ಹತ್ತಿರ ಬರಲಿಲ್ಲ.

"ಮನೆ ಓಗ್ತದೆ. ಮಕ್ಳು ನಿನ್ ದಾರಿ ಕಾಯ್ತಾವೆ. ಬಾರಯ್ಯಾ, ನಿನ್ ಕಾಲಿಗೆ ಬೀಳ್ತೀನಿ."

"ನನ್ ಕೈಲಾಗಲ್ಲ ಕಣೇ."

"ಎಲ್ರೂ ಗಣಿಗಿಳೀತಾರಲ್ಲ! ನೀನೊಬ್ನೇನಾ ಎದ್ರೋದು?"

ಅಷ್ಟರಲ್ಲಿ ಮಳೆ ಬಿತ್ತು. ಮೀನುಗಾರರ ಮುದುಕಿಯೊಬ್ಬಳು ತೆಲುಗಿನಲ್ಲಿ ಕೂಗಿ ಆದಿಲಕ್ಷ್ಮಮ್ಮನನ್ನು ಗುಡಿಸಲಿಗೆ ಕರೆದಳು. ಅವನು ಮಳೆಯಲ್ಲೇ ನಿಂತ. ಅವನು ಬಂದಾಗಿನಿಂದ ಒಂದು ದಿನವೂ ಸೂರಿನಡಿ ಕಾಲಿಟ್ಟಿಲ್ಲ, ಅನ್ನವನ್ನೂ ಹೊರಗೇ ಕೊಡುತ್ತೇವೆ ಎಂದಳು ಮುದುಕಿ.

ಆದಿಲಕ್ಷ್ಮಮ್ಮನಿಗೆ ರೇಗಿಹೋಯಿತು. ಅವನ ರಟ್ಟೆ ಹಿಡಿದು ಎಳೆದು ತಂದಳು. ಬಾಗಿಲ ಹತ್ತಿರ ಬಂದದ್ದೇ ಅವನು ಬಾಯಿ ತೆರೆದ; ಉಸಿರು ಒಳಗೆ ಹೋಗದು. ಅವಳು ಕೈ ಬಿಟ್ಟಳು. ಒದ್ದೆ ಮರಳಿನಲ್ಲಿ ಕುಸಿದು, ಗಂಟಲು ಬೀಳುವವರೆಗೂ ಅತ್ತಳು.

"ಇನ್ನು ನಾವೆಲ್ಲಿಗೆ ಓಗೋದು?"

ಅವನು ಅವಳ ಪಕ್ಕದಲ್ಲಿ ಕೂತ. ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಹೇಳಿದಳು: "ಗಣಿಗಿಳೀಬೇಡ. ಮನೆ ಓದ್ರೆ ಓಗ್ಲಿ. ಮಕ್ಳ ತಾವ ಬಾ."

ಲಾರಿಯ ಮೂಟೆಗಳ ಮೇಲೆ, ಬಯಲು ಗಾಳಿಯಲ್ಲಿ ಕೂತು ಅವನು ಬಂದ. ಸೋಮವಾರ ಕೆಲಸಕ್ಕೆ ಇಳಿಯಲಿಲ್ಲ, ಮನೆ ಹೋಯಿತು. ಬಂಗಾರಪೇಟೆಯ ಹೊರಗೆ ಗುಡಿಸಲು ಹಾಕಿಕೊಂಡು ಗಂಡಹೆಂಡಿರು ಜಲ್ಲಿ ಒಡೆದರು. ಹಿರಿಮಗಳು ಶಾಲೆ ಬಿಟ್ಟು ಕಲ್ಲು ಹೊತ್ತಳು. ಮಳೆ ಬಂದರೆ ಅವನು ಬೇವಿನ ಮರದಡಿ ಗೋಣಿ ಹೊದ್ದು ಕೂರುತ್ತಿದ್ದ. ಮೊದಮೊದಲು ಅವಳು ಒಳಗೆ ಕರೆಯುತ್ತಿದ್ದಳು. ಆಮೇಲೆ ಕರೆಯುವುದನ್ನು ಬಿಟ್ಟು, ಊಟದ ತಟ್ಟೆ ಹಿಡಿದು ತಾನೇ ಮಳೆಗೆ ಹೋಗತೊಡಗಿದಳು.