ಇಬ್ಬರು ಅಪ್ಪಂದಿರು

ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ನನ್ನ ಐದು ವರ್ಷದ ಮಗಳು ಬಾಗಿಲ ಕಡೆ ನೋಡಿ, “ಅಮ್ಮಾ, ಇಬ್ಬರು ಅಪ್ಪ ಬಂದಾರ!” ಎಂದು ಕೂಗಿದಳು. ಪುಣ್ಯಕ್ಕೆ ವಿಶಾಖಪಟ್ಟಣದ ಆ ವಾರ್ಡಿನಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಡಾಕ್ಟರಿಗೆ ಮಾತ್ರ ನಾನೇ ತೆಲುಗಿನಲ್ಲಿ ಹೇಳಬೇಕಾಯಿತು.

“ಏಂ ಪರ್ಲೇದಮ್ಮಾ”, ಏನೂ ಚಿಂತೆಯಿಲ್ಲ ಎಂದು ಅವರು ನಕ್ಕರು. ಮೆಳ್ಳಗಣ್ಣಿನ ಆಪರೇಷನ್ ಆದ ಮೇಲೆ ಕೆಲವು ಮಕ್ಕಳಿಗೆ ಸ್ವಲ್ಪ ದಿನ ಎಲ್ಲವೂ ಎರಡೆರಡಾಗಿ ಕಾಣುತ್ತದಂತೆ.

ಬಾಗಿಲಲ್ಲಿ ನನ್ನ ಗಂಡ ಇಡ್ಲಿ ಪೊಟ್ಟಣ ಹಿಡಿದು ಬೆಪ್ಪಾಗಿ ನಿಂತಿದ್ದರು. ನೌಕಾದಳದ ಕೆಲಸ, ವರ್ಷದಲ್ಲಿ ಅರ್ಧ ಸಮುದ್ರದ ಪಾಲು. ಮಗಳ ಒಂದು ಹುಟ್ಟುಹಬ್ಬಕ್ಕೂ ಒಬ್ಬರಾಗಿ ಸಿಗದ ಮಹಾನುಭಾವರು ಈಗ ಜೋಡಿಯಾಗಿ ಬಂದಿದ್ದರು!

ಮಗಳು ಆಗಲೇ ಹಂಚಿಕೆ ಮುಗಿಸಿದ್ದಳು. “ಒಬ್ಬ ಅಪ್ಪ ಹಡಗಿಗೆ ಹೋಗ್ಲಿ, ಇನ್ನೊಬ್ಬ ಅಪ್ಪ ಮನ್ಯಾಗ ಇರ್ಲಿ.”

ವಾರದೊಳಗೆ ಇಬ್ಬರೂ ಸೇರಿ ಒಬ್ಬರಾದರು. ಕಣ್ಣು ನೆಟ್ಟಗಾಯಿತೆಂದು ಡಾಕ್ಟರು ಖುಷಿಪಟ್ಟರು. ಉಳಿದ ಆ ಒಬ್ಬರು ಮರುದಿನವೇ ಹಡಗು ಹತ್ತಿದರು. ಮಗಳಿಗೆ ಡಾಕ್ಟರ ಮೇಲೆ ಇನ್ನೂ ಸಿಟ್ಟಿದೆ: ಮನೆಯಲ್ಲಿ ಇರಬೇಕಾಗಿದ್ದ ಅಪ್ಪನನ್ನೇ ಅವರು ತೆಗೆದುಹಾಕಿದರಂತೆ.